ಬೆಳ್ಳಿಯ ಬಾಯಿ ಮತ್ತು ಲೇಸರ್ ಬೆಳಕು

ಕಣ್ಣಿತ್ತು, ಕೈಯಿತ್ತು, ಕಾಲಿತ್ತು. ಹಲ್ಲು ಮಾತ್ರ ಇರಲಿಲ್ಲ.

ಎರಡು ತಿಂಗಳ ಹಿಂದೆ ನಾನು ಮತ್ತು ಶರಣಮ್ಮ ಶಿವಾಜಿನಗರದ ಬೆಳ್ಳಿ ಅಂಗಡಿಯೊಂದರಲ್ಲಿ ನಿಂತಿದ್ದೆವು. ದೇವರಿಗೆ ಹರಕೆ ಒಪ್ಪಿಸುವ ಬೆಳ್ಳಿ ತಗಡುಗಳನ್ನು ಅಂಗಡಿಯವರು ಒಂದೊಂದಾಗಿ ತೆಗೆದು ತೋರಿಸಿದರು. ಹಲ್ಲಿಗೆ ಯಾರೂ ಹರಕೆ ಹೊರುವುದಿಲ್ಲವಂತೆ. ಕೊನೆಗೆ ತುಟಿ ತೆರೆದ ಒಂದು ಬಾಯಿ ಸಿಕ್ಕಿತು. ಹಲ್ಲು ಇರುವುದು ಬಾಯಿಯೊಳಗೇ ತಾನೇ, ಇದೇ ಸಾಕು ಎಂದವಳು ನಾನು.

ಶರಣಮ್ಮ ಯಾದಗಿರಿ ಕಡೆಯವಳು. ಮರ್ಫಿ ಟೌನಿನ ಬಾಡಿಗೆ ಕೋಣೆಯಲ್ಲಿ ಗಂಡನ ಜೊತೆ ಇದ್ದಾಳೆ. ದಿನವೂ ಸಂಜೆ ದೊಮ್ಮಲೂರಿನ ನಮ್ಮ ಮನೆಗೆ ಬಂದು ಜೋಳದ ರೊಟ್ಟಿ ಬಡಿಯುತ್ತಾಳೆ. (ಅವಳು ಬಂದ ಮೇಲೆ ನಮ್ಮಲ್ಲಿ ಮುದ್ದೆಯ ಮರ್ಯಾದೆ ಸ್ವಲ್ಪ ಕಡಿಮೆಯಾಗಿದೆ.) ಅವಳ ದವಡೆ ಹಲ್ಲೊಂದು ವಾರಗಟ್ಟಲೆ ಕಾಡಿತು. ಲವಂಗ ಇಟ್ಟಳು. ನಾನು ಡ್ರಾಯರಿನಲ್ಲಿದ್ದ ಪೇನ್ ಕಿಲ್ಲರ್ ಕೊಟ್ಟೆ. ಅವಳು ಗಲ್ಲಿಯ ಎಲ್ಲಮ್ಮನಿಗೆ ಹರಕೆ ಹೊತ್ತಳು. ಒಂದು ದಿನ ನೋವು ತಾನಾಗಿ ನಿಂತುಹೋಯಿತು.

ಆದರೂ ಒಮ್ಮೆ ಡೆಂಟಿಸ್ಟಿಗೆ ತೋರಿಸು ಎಂದೆ. ಒಂದೇ ಸಲ, ಬಾಯಿಮಾತಿಗೆ.

"ಬ್ಯಾನೀನೇ ಇಲ್ಲಲ್ರೀ ಅಕ್ಕಾರ, ಮತ್ತ್ಯಾಕ ದವಾಖಾನಿ?"

ನ್ಯಾಯವಾದ ಪ್ರಶ್ನೆ ಅನ್ನಿಸಿತು. ಬೆಳ್ಳಿಯ ಬಾಯಿ ಗುಡಿ ಸೇರಿತು. ನಾನೂ ಪ್ರಸಾದ ತಿಂದೆ.

ಆಮೇಲೆ ಸರದಿ ನನ್ನದು. ನನ್ನ ಹಲ್ಲು ಎರಡು ದಿನ ಸಿಡಿದದ್ದೇ ತಡ, ಇಂದಿರಾನಗರದ ಕ್ಲಿನಿಕ್ಕಿಗೆ ಓಡಿದೆ. ರೂಟ್ ಕೆನಾಲ್ ಎಂದರು. ಬೇರಿನೊಳಗೆ ಕೊಳೆತದ್ದನ್ನೆಲ್ಲ ತೆಗೆದು, ಔಷಧಿ ಹಾಯಿಸಿ ತೊಳೆದ ಮೇಲೆ ಡಾಕ್ಟರು ನನ್ನ ಕಣ್ಣಿಗೆ ಬಣ್ಣದ ಕನ್ನಡಕ ಏರಿಸಿ ತಾವೂ ಒಂದು ಹಾಕಿಕೊಂಡರು. ದಾರದಷ್ಟು ಸಪೂರವಾದ ಎಳೆಯೊಂದು, ತುದಿಯಲ್ಲಿ ಕೆಂಪು ಬೆಳಕು, ಹಲ್ಲಿನೊಳಗೆ ಇಳಿಯಿತು. ಲೇಸರ್. ಬೇರಿಗೆ ಸಣ್ಣ ಸಣ್ಣ ಕವಲುಗಳಿರುತ್ತವಂತೆ. ಸೂಜಿ ಹೋಗದ ಆ ಸಂದಿಗಳಲ್ಲಿ ಅಡಗಿದ ಬ್ಯಾಕ್ಟೀರಿಯಾವನ್ನೂ ಈ ಬೆಳಕು ಕೊಲ್ಲುತ್ತದಂತೆ. ಹಾಗಂತ ಲೇಸರ್ ಒಂದೇ ಸಾಲದು, ಮೊದಲು ತೊಳೆಯುವ ಕೆಲಸ ಸರಿಯಾಗಿ ಆಗಿರಬೇಕು ಎಂದೂ ಹೇಳಿದರು.

ನೋವು ತಾನಾಗಿ ನಿಂತುಹೋಗಿದ್ದರೆ ಇಷ್ಟೆಲ್ಲ ಬೇಕಿತ್ತೇ ಎಂದು ಏಳುವಾಗ ಕೇಳಿದೆ.

"ತಾನಾಗೇ ನಿಂತ್ರೆ ಖುಷಿ ಪಡ್ಬೇಡಿ ಮೇಡಂ. ನರ ಸತ್ತಿರುತ್ತೆ ಅಷ್ಟೇ. ಇನ್‌ಫೆಕ್ಷನ್ ಸದ್ದಿಲ್ದೆ ದವಡೆಗೆ ಇಳೀತಾ ಇರುತ್ತೆ."

ಈಗ ನೀವೇ ಹೇಳಿ, ಈ ಮಾತು ಕೇಳಿದ ಕೂಡಲೇ ನನಗೆ ಯಾರ ಮುಖ ನೆನಪಾಗಬೇಕಿತ್ತು?

ಆಗಲಿಲ್ಲ. ಅಂದು ಸಂಜೆ ಗಂಡ, ಮಗಳು ಊಟಕ್ಕೆ ಕೂತಿದ್ದರು. ನಾನು ಗಂಜಿ ಕುಡಿಯುತ್ತ ಲೇಸರ್ ಪುರಾಣ ಶುರು ಮಾಡಿದೆ. ಕನ್ನಡಕ, ಕೆಂಪು ಬೆಳಕು, ಸತ್ತ ನರ, ಒಂದನ್ನೂ ಬಿಡಲಿಲ್ಲ. ಅಡುಗೆಮನೆಯಲ್ಲಿ ಶರಣಮ್ಮ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದಿನಲ್ಲಿ ನನ್ನ ಮಾತು ಕೇಳಿಸುತ್ತಿಲ್ಲ ಎಂದು ಮಗಳು ಗೊಣಗಿದಳು. ನಾನು ಎದ್ದು ಹೋಗಿ ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಬಂದೆ.

ಮೂರು ವಾರದ ನಂತರ ಶರಣಮ್ಮ ಕೆಲಸಕ್ಕೆ ಬರಲಿಲ್ಲ. ಫೋನ್ ತೆಗೆದದ್ದು ಅವಳ ಗಂಡ. ಮುಖದಿಂದ ಕತ್ತಿನವರೆಗೆ ಬಾವು, ಜ್ವರ, ಎಂಜಲು ಕೂಡ ನುಂಗಲಾಗುತ್ತಿಲ್ಲ, ಸರ್ಕಾರಿ ಆಸ್ಪತ್ರೆಗೆ ಸೇರಿಸಿದ್ದೇವೆ ಎಂದ. ಅಲ್ಲಿ ಗದ್ದದ ಕೆಳಗೆ ಕೊಯ್ದು ಕೀವು ತೆಗೆದರು. ಎರಡು ಹಲ್ಲು ಕಿತ್ತರು. ಇನ್ನೊಂದು ದಿನ ಬಿಟ್ಟಿದ್ದರೆ ಉಸಿರೇ ಕಟ್ಟುತ್ತಿತ್ತಂತೆ.

ಜೀವ ಉಳಿಯಿತು. ವಾಪಸ್ ಬಂದಿದ್ದಾಳೆ. ಗದ್ದದ ಕೆಳಗೆ ಉದ್ದದ ಕಲೆ. ಬಾಯಿ ಒಂದೂವರೆ ಬೆರಳಷ್ಟೇ ತೆರೆಯುತ್ತದೆ. ನಮಗೆಲ್ಲ ರೊಟ್ಟಿ ಬಡಿದಿಟ್ಟು, ತನ್ನ ಪಾಲಿನದನ್ನು ಹಾಲಿನಲ್ಲಿ ನೆನೆಸಿ ನುಂಗುತ್ತಾಳೆ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆ ನನ್ನ ಪಾಲಿಗೆ ಸುಳ್ಳಾಗಿದೆ. ನನಗೆ ಎರಡೂ ಇವೆ. ಅವಳೆದುರು ಕೂತು ಅಗಿಯಲು ನಾಚಿಕೆಯಾಗುತ್ತದೆ.

ಅವಳು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ತುಟಿಯ ಸಂದಿಯಿಂದಲೇ ಹೇಳಿದಳು:

"ಹರಕಿ ತಪ್ಪಿತ್ರಿ ಅಕ್ಕಾರ. ಹಲ್ಲು ಅಂತ ಬೇಡ್ಕೊಂಡು ಬಾಯಿ ಕೊಟ್ಟೆ. ಅವ್ವ ಸಿಟ್ಟಾದ್ಳು."

ಈ ಸಲ ಹೇಳಿ ಮಾಡಿಸಿಯಾದರೂ ಬೆಳ್ಳಿಯ ಹಲ್ಲನ್ನೇ ಕೊಡಬೇಕಂತೆ. ನಾನೇ ಮಾಡಿಸಿಕೊಡುತ್ತೇನೆ ಎಂದುಬಿಟ್ಟೆ.

ಅವತ್ತು ಬಾಗಿಲು ಹಾಕಿದವಳು ನಾನು ಎಂದು ಒಪ್ಪಿಕೊಳ್ಳುವುದಕ್ಕಿಂತ ಅದು ಸುಲಭ, ಅಲ್ಲವೇ?