ಚನ್ನಪ್ಪ ಕಾಕಾನ ಜೋಡೆತ್ತು

ಮೂಗು ಬಾಯಿಗೆ ಒದ್ದೆ ಟವೆಲ್ ಸುತ್ತಿಕೊಂಡು, ಕಣ್ಣೆರಡನ್ನೇ ಹೊರಗೆ ಬಿಟ್ಟು, ಆರಡಿ ಮೇಲಿನ ಮನುಷ್ಯನೊಬ್ಬ ಕಂಪ್ಯೂಟರಿನ ಹೊಟ್ಟೆಯೊಳಗೆ ಬ್ರಷ್ ಆಡಿಸುತ್ತ ಕುಳಿತಿದ್ದರೆ ಹೊಸಬರು ಹೆದರುತ್ತಿದ್ದರು. ಬ್ಯಾಡಗಿಯವರು ಹೆದರುತ್ತಿರಲಿಲ್ಲ. ಮೆಣಸಿನಕಾಯಿ ಪೇಟೆಯ ಯಾವ ಅಂಗಡಿಯ ಕಂಪ್ಯೂಟರ್ ಬಿಚ್ಚಿದರೂ ಒಳಗೆ ಕೆಂಪು ಧೂಳು, ಬಿಚ್ಚಿದವನು ಸೀನಿ ಸೀನಿ ಸಾಯಬೇಕು. ಚನ್ನಪ್ಪ ಕಾಕಾ ಟವೆಲ್ಲಿನ ಒಳಗಿನಿಂದಲೇ ಗಿರಾಕಿಯನ್ನು ಮಾತಾಡಿಸುತ್ತಿದ್ದರು. "ಏನ್ರಿ ಸಾವ್ಕಾರ್ರ, ಕಂಪ್ಯೂಟರ್ ತಂದೀರೋ, ಖಾರದ ಡಬ್ಬಿ ತಂದೀರೋ?"

ನಾನು ಅವರ ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಹಾವೇರಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವ ಕೆಲಸ, ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ನನಗೊಂದು ಕೆಟ್ಟ ಚಾಳಿ, ಸುಮ್ಮನೆ ಕೂತು ಗೊತ್ತಿಲ್ಲ. ಕಂಡವರ ಮೇಜು ಒರೆಸುವುದು, ಕಂಡವರ ವೈರು ಸುತ್ತಿಡುವುದು. "ಯವ್ವಾ, ನೀ ಮುಟ್ಟಿದ್ದು ಯಾವ್ದೂ ಇಟ್ಟಲ್ಲಿ ಸಿಗೂದಿಲ್ಲ ನೋಡು" ಎಂದು ಕಾಕಾ ನಗುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಹೆಂಡತಿ ಗಿರಿಜಾ ಕಾಕು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ರೊಟ್ಟಿ ಅವರೇ ಬಡಿಯುತ್ತಿದ್ದರು. ಕಾಕು ಇದ್ದಾಗಲೂ ಬಡಿಯುತ್ತಿದ್ದವರು ಅವರೇ ಅಂತೆ. ನನ್ನ ರೊಟ್ಟಿಯನ್ನು ಒಮ್ಮೆ ಎತ್ತಿ ಬೆಳಕಿಗೆ ಹಿಡಿದು, "ಇದನ್ನ ಫ್ಯಾನಿಗೆ ರೆಕ್ಕಿ ಮಾಡಬಹುದು" ಎಂದರು. ಅಂದಿನಿಂದ ನನ್ನ ಊಟವೂ ಕೆಳಗೇ ಆಯಿತು.

ಅಂಗಡಿಯ ಹಿಂದಿನ ಕೋಣೆಯಲ್ಲಿ ಬಿಳಿ ಬಟ್ಟೆ ಹೊದ್ದ ಒಂದು ಹಳೆಯ ಕಂಪ್ಯೂಟರ್ ಇತ್ತು, ಹೆಚ್ಚುಕಡಿಮೆ ನನ್ನ ವಯಸ್ಸಿನದು. ಅದರೊಳಗೆ ಸಿಕ್ಕಿಸಿದ ಹಸಿರು ಕಾರ್ಡಿನ ಮೇಲೆ ಇನ್ನೊಂದು ಪ್ರೊಸೆಸರ್ ಚಿಪ್. ಪುಸ್ತಕದಲ್ಲಿ ಅದಕ್ಕೆ ಕೋ-ಪ್ರೊಸೆಸರ್ ಎನ್ನುತ್ತಾರೆ. ಆ ಕಾಲದ ಕಂಪ್ಯೂಟರು ದಶಾಂಶದ ದೊಡ್ಡ ಲೆಕ್ಕ ಬಂದರೆ ಏದುಸಿರು ಬಿಡುತ್ತಿತ್ತು. ಅದರ ಭಾರ ಹಂಚಿಕೊಳ್ಳಲೆಂದೇ ಇಂಥ ಕಾರ್ಡುಗಳನ್ನು ಬೇರೆಯಾಗಿ ಕೊಂಡು ಹಾಕಿಸಬೇಕಿತ್ತು. ಕಾಕಾ ಅದನ್ನು ಜೋಡೆತ್ತು ಎನ್ನುತ್ತಿದ್ದರು. "ಬಯಲಾಗ ಒಂದೆತ್ತು ಸಾಕವ್ವಾ. ಏರು ಬಂದಾಗ ಜೋಡಿ ಬೇಕಾಗತೈತಿ."

ಗಿರಿಜಾ ಕಾಕು ಮನೆಗಳ ನಕ್ಷೆ ತೆಗೆಯುತ್ತಿದ್ದರು. ಬ್ಯಾಡಗಿಯಲ್ಲಿ, ರಾಣೇಬೆನ್ನೂರಿನಲ್ಲಿ ಎಷ್ಟೋ ಜನ ಈಗಲೂ ಆಕೆ ಆ ಯಂತ್ರದ ಮೇಲೆ ಎಳೆದ ಗೋಡೆಗಳ ನಡುವೆ ಉಂಡು ಮಲಗುತ್ತಾರೆ. ಆ ನಕ್ಷೆಯ ಪ್ರೋಗ್ರಾಮಿಗೆ ಜೋಡೆತ್ತು ಇಲ್ಲದಿದ್ದರೆ ನಡೆಯುವುದಿಲ್ಲ. ಕಾರ್ಡು ತೆಗೆದರೆ ತೆರೆಯುವುದೇ ಇಲ್ಲ. ಆಕೆ ಕೊನೆಗೆ ತೆಗೆದದ್ದು ತಮ್ಮದೇ ಮನೆಯ ನಕ್ಷೆ, ಮೇಡ್ಲೇರಿ ರಸ್ತೆಯಲ್ಲಿ ಹಿಡಿದಿದ್ದ ಜಾಗಕ್ಕೆ. ನಕ್ಷೆ ಮುಗಿದ ವರ್ಷವೇ ಕಾಯಿಲೆ ಬಂತು. ಜಾಗ ಆಸ್ಪತ್ರೆಯ ಖರ್ಚಿಗೆ ಹೋಯಿತು, ಆಕೆಯೂ ಹೋದರು. ನಕ್ಷೆ ಉಳಿಯಿತು.

ಪ್ರತಿ ಭಾನುವಾರ ಕಾಕಾ ಚಹಾ ಹಿಡಿದುಕೊಂಡು ಆ ನಕ್ಷೆ ತೆರೆಯುತ್ತಿದ್ದರು. ಮೊದಲ ಸಲ ಕಂಡಾಗ ನಾನು ಜಾಣತನ ತೋರಿಸಲು ಹೋದೆ. "ಕಾಕಾ, ಇದನ್ನ ನನ್ನ ಲ್ಯಾಪ್‌ಟಾಪಿಗೆ ಹಾಕ್ಕೊಡ್ತೇನ್ರಿ. ಕಣ್ಣ ಮುಚ್ಚಿ ತಗಿಯೂದ್ರಾಗ ತೆರೀತೈತಿ."

"ಅದ ಬ್ಯಾಡ ನೋಡು. ಅಲ್ಲೆ ಮನಿ ಒಮ್ಮೆಲೆ ಬಂದ್ ನಿಂದರ್ತೈತಿ. ಇಲ್ಲೆ ಆಕಿ ಎಳದಂಗ ಬರ್ತೈತಿ. ಕುಂದ್ರು."

ಕೂತೆ. ಕಪ್ಪು ಪರದೆಯ ಮೇಲೆ ಒಂದೊಂದೇ ಗೆರೆ ಮೂಡತೊಡಗಿತು. ಆ ಯಂತ್ರ ನಕ್ಷೆ ತೆರೆಯುವಾಗ, ಎಳೆದವರು ಯಾವ ಗೆರೆ ಮೊದಲು ಎಳೆದಿದ್ದರೋ ಅದನ್ನೇ ಮೊದಲು ತೋರಿಸುತ್ತಿತ್ತು. ಮೊದಲು ಬಂದದ್ದು ಹೊರಗೋಡೆಯಲ್ಲ, ಕಾಕಾನ ರಿಪೇರಿ ಕೋಣೆ. ಆಮೇಲೆ ಪಡಸಾಲೆ, ಕಿಟಕಿಗಳು. ಎಲ್ಲ ಕೋಣೆ ಬಂದ ಮೇಲೆ ಒಂದು ಮೂಲೆಯಲ್ಲಿ ಇಕ್ಕಟ್ಟಾಗಿ ಒಂದು ಚೌಕ. "ದೇವರಮನಿ. ಮರ್ತಿದ್ಲು. ನೆನಪಾದಮ್ಯಾಲ ಅಲ್ಲೆ ತುರುಕಿದ್ಲು" ಎಂದು ಕಾಕಾ ನಕ್ಕರು. ಕೊನೆಗೆ ಅಡುಗೆಮನೆ, ಅದರೊಳಗೆ ಅಡುಗೆ ಕಟ್ಟೆ, ಪಕ್ಕದಲ್ಲಿ ಅದರ ಎತ್ತರ ಬರೆದ ಅಂಕಿ. ಎತ್ತರ ಸ್ವಲ್ಪ ಜಾಸ್ತಿಯೇ ಇತ್ತು.

"ರೊಟ್ಟಿ ಬಡಿಯಾಂವ ನಾನ ಅಲ್ಲ? ಕಟ್ಟಿ ನನ್ನ ಎತ್ತರಕ್ಕ ಹಾಕಿದ್ಲು. ಆಕಿ ಗಿಡ್ಡಿ. ನೋಡೀಗ."

ಕಟ್ಟೆಯ ಮುಂದೆ ನಾಲ್ಕು ಗೆರೆ ಮೂಡಿ ಕೂರುವ ಮಣೆಯಂಥ ಒಂದು ಪುಟ್ಟ ಚೌಕವಾಯಿತು. "ಅದು ಮಣಿ. ಬಾಜೂಕ ಮಣಿ ಹತ್ತಿ ನಿಂತು ಪಲ್ಯಾ ನೋಡ್ಕೋತೀನಿ ಅಂತಿದ್ಲು." ನಾಲ್ಕನೆಯ ಗೆರೆ ಕೂಡಿದ ಕೂಡಲೇ ಕಾಕಾ ಮೆಲ್ಲಗೆ, "ಹತ್ತಿದ್ಲು ನೋಡು" ಎಂದರು. ಆಮೇಲೆ ಎಷ್ಟೋ ಭಾನುವಾರ ಅವರ ಪಕ್ಕದಲ್ಲಿ ಕೂತಿದ್ದೇನೆ. ಆ ಮಾತು ಒಂದು ವಾರವೂ ತಪ್ಪಲಿಲ್ಲ.

ಅದನ್ನು ತಪ್ಪಿಸಿದವಳು ನಾನು.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಕಾಕಾ ಮುಂಜಾನೆಯೇ ಕರ್ಜಗಿಯ ನೆಂಟರ ಮನೆಗೆ ಹೋಗಿದ್ದರು. ಪೂಜೆಯ ತಯಾರಿ ನನ್ನ ಪಾಲಿಗೆ ಬಂತು. ಸ್ಕ್ರೂಡ್ರೈವರ್, ಮೀಟರ್ ಎಲ್ಲ ತೊಳೆದು ಸಾಲಾಗಿ ಇಟ್ಟೆ. ಕಾಕಾ ಪ್ರತಿವರ್ಷ ಯಂತ್ರಗಳ ಡಬ್ಬಿಗೆ ಹೊರಗಷ್ಟೇ ಒಣ ಕುಂಕುಮ ಹಚ್ಚುತ್ತಿದ್ದರು. ನನಗೆ ಅಷ್ಟು ಸಾಲಲಿಲ್ಲ. ಜೋಡೆತ್ತು ಎಂದು ಬಾಯ್ತುಂಬ ಕರೆಯುತ್ತಾರೆ, ಎತ್ತಿನ ಹಣೆಗೆ ಕುಂಕುಮ ಬೇಡವೇ ಎನಿಸಿತು. ಹಳೆಯ ಯಂತ್ರ ಬಿಚ್ಚಿ, ಕಾರ್ಡು ತೆಗೆದು, ಧೂಳು ಒರೆಸಿ, ಒದ್ದೆ ಅರಿಶಿನ ಕುಂಕುಮದಲ್ಲಿ ಬೆರಳು ಅದ್ದಿ ಚಿಪ್ಪಿನ ನೆತ್ತಿಗೆ ಒತ್ತಿ, ಕಾರ್ಡನ್ನು ಮತ್ತೆ ಒಳಗೆ ಕೂರಿಸಿದೆ. ಇಳಿದ ಒಂದು ಹನಿಯನ್ನು ನಾನು ನೋಡಲಿಲ್ಲ. ನೀರು, ಕರೆಂಟು ಎಂದು ಹುಡುಗರ ಮುಂದೆ ದಿನಾ ಗಂಟಲು ಹರಿದುಕೊಳ್ಳುವವಳು ನಾನು. ಹಬ್ಬದ ದಿನ ಆ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.

ಅದು ಆರುವ ಮೊದಲೇ ಕಾಕಾ ಬಂದರು. "ಹಬ್ಬ ಐತಿ, ಇವತ್ತ ಮನಿ ನೋಡೂಣು" ಎಂದು ಸ್ವಿಚ್ ಹಾಕಿಬಿಟ್ಟರು. ನಾನು ಮೇಲೆ ಹೋಳಿಗೆ ಬಿಸಿ ಮಾಡುತ್ತಿದ್ದೆ. ಕೆಳಗಿಳಿದು ಬಂದಾಗ ಸುಟ್ಟ ವಾಸನೆ. ಕಾಕಾ ಕಾರ್ಡನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದರು. ಚಿಪ್ಪಿನ ಕಾಲುಗಳ ನಡುವೆ ಕುಂಕುಮ ಕಪ್ಪಾಗಿತ್ತು.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಟವೆಲ್ಲಿನ ತುದಿಯಿಂದ ಅದನ್ನು ಒರೆಸಿದರು. "ಕುಂಕುಮ ಹಚ್ಚೀದಿ. ಹಂಗ ಹಚ್ಚಿದಾಕಿಗೆ ಏನಂತ ಬಯ್ಯಲಿ ಯವ್ವಾ" ಎಂದರು. ಆ ಹೊತ್ತು ಇಬ್ಬರೂ ಉಣ್ಣಲಿಲ್ಲ.

ಮರುದಿನದಿಂದ ನನ್ನ ಹುಡುಕಾಟ ಶುರುವಾಯಿತು. ಕಾಲೇಜು ಬಿಟ್ಟ ಮೇಲೆ ಹಾವೇರಿಯ ಗುಜರಿ ಅಂಗಡಿಗಳು, ರಜೆಯಲ್ಲಿ ರಾಣೇಬೆನ್ನೂರಿನವು. ಅಲ್ಲೊಬ್ಬ ಮುದುಕ ನನ್ನ ಮೊಬೈಲಿನಲ್ಲಿದ್ದ ಫೋಟೋ ನೋಡಿ ತಲೆ ಆಡಿಸಿದ. "ಇಂಥಾವು ಚೀಲಗಟ್ಟಲೆ ಬರ್ತಿದ್ದೂರಿ ಅಕ್ಕಾರ. ಬಂಗಾರ ತಗಿಯಾವ್ರು ತೂಕಕ್ಕ ಒಯ್ದು ಸುಟ್ಟಬಿಟ್ರು." ಹಳೆಯ ಯಂತ್ರಗಳ ಹುಚ್ಚಿರುವವರನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ಹುಡುಕಿ ಕಾಗದ ಬರೆದೆ. ಕಾಕಾ ಭಾನುವಾರ ಮಾತ್ರ ಹಿಂದಿನ ಕೋಣೆಗೆ ಹೋಗಿ, ಬಿಳಿ ಬಟ್ಟೆ ಹೊದ್ದ ಯಂತ್ರದ ಮುಂದೆ ಚಹಾ ಕುಡಿದು ಬರುತ್ತಿದ್ದರು. ಲ್ಯಾಪ್‌ಟಾಪಿನಲ್ಲಿ ತೋರಿಸುತ್ತೇನೆಂದು ಇನ್ನೊಮ್ಮೆ ಬಾಯಿ ಬಿಟ್ಟೆ. "ಬ್ಯಾಡ. ಆಕಿ ಕೈ ಅದ್ರಾಗ ಬರೂದಿಲ್ಲ" ಎಂದರು.

ಬೇಸಿಗೆಯಲ್ಲಿ ಅವರಿಗೆ ಲಕ್ವ ಹೊಡೆಯಿತು. ಹಾವೇರಿಯ ಆಸ್ಪತ್ರೆಯಲ್ಲಿ ಎಡಗೈ ಮಂಚದ ಮೇಲೆ ಬಿದ್ದುಕೊಂಡಿತ್ತು. ಮಾತು ಇತ್ತು, ನೆನಪು ಅಲ್ಲಲ್ಲಿ ಹರಿದಿತ್ತು. ಪಾಠ ಮುಗಿಸಿ ದಿನಾ ಹೋಗಿ ಕೂರುತ್ತಿದ್ದೆ. ಒಂದು ಮಧ್ಯಾಹ್ನ ಅವರು ಕಣ್ಣು ಮುಚ್ಚಿ, ಬಲಗೈಯ ಬೆರಳಿನಿಂದ ಹಾಸಿಗೆಯ ಮೇಲೆ ಗೆರೆ ಎಳೆಯುತ್ತಿದ್ದರು. "ನನ್ನ ಖೋಲಿ ಬಂತು. ಪಡಸಾಲಿ ಬಂತು. ದೇವರಮನಿ ತುರುಕಿದ್ಲು. ಕಟ್ಟಿ ಬಂತು." ಬೆರಳು ನಿಂತಿತು. ಕಣ್ಣು ತೆರೆದು ನನ್ನನ್ನು ನೋಡಿದರು. "ಆಮ್ಯಾಲ ಒಂದೇನೋ ಬರ್ತಿತ್ತಲ್ಲ?"

"ಮಣಿ ಕಾಕಾ. ಕಾಕು ಹತ್ತಿ ನಿಂದ್ರು ಮಣಿ."

"ಯಾವ ಮಣಿ?"

ಹೇಳಿದೆ. ಕಟ್ಟೆಯ ಎತ್ತರ, ಪಲ್ಯ, ಎಲ್ಲ ಬಿಡಿಸಿ ಹೇಳಿದೆ. ಅವರು ಬೇರೆ ಯಾರದೋ ಮನೆಯ ಸುದ್ದಿ ಕೇಳಿದಂತೆ ಕೇಳಿದರು. ನನ್ನನ್ನು ನೋಯಿಸಬಾರದೆಂದೋ ಏನೋ, "ಇರಬೇಕು ಬಿಡವ್ವಾ" ಎಂದರು. ಹೊರಗಿನ ಬೆಂಚಿನ ಮೇಲೆ ಕೂತು ನಾನು ಅತ್ತದ್ದಕ್ಕೆ ಲೆಕ್ಕವಿಲ್ಲ. ವಾರವಾರ ಆ ನಾಲ್ಕು ಗೆರೆ ಕಣ್ಣಿಗೆ ಬಿದ್ದಿದ್ದರೆ ಅವರು ಮರೆಯುತ್ತಿರಲಿಲ್ಲ ಎಂದು ನಾನು ಇವತ್ತಿಗೂ ನಂಬಿದ್ದೇನೆ. ಮಿದುಳಿಗೆ ಪೆಟ್ಟು ಬಿದ್ದರೆ ಯಾರಾದರೂ ಮರೆಯುತ್ತಾರೆ ಎಂದು ಡಾಕ್ಟರು ಹೇಳಿದರು. ಹೇಳಲಿ.

ಆ ವಾರವೇ ಕಾಕಾ ಹೋದರು. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮರುದಿನ ಪಾರ್ಸೆಲ್ ಬಂತು. ಎಲ್ಲಿಯೋ ದೂರದ ಊರಿನ, ಹಳೆಯ ಯಂತ್ರ ಕೂಡಿಡುವ ಒಬ್ಬರು ಹತ್ತಿಯಲ್ಲಿ ಸುತ್ತಿ ಅಂಥದ್ದೇ ಕಾರ್ಡು ಕಳಿಸಿದ್ದರು. ಜೊತೆಗಿದ್ದ ಚೀಟಿಯಲ್ಲಿ, ನಿಮ್ಮ ಕಾಕಾ ಅವರಿಗೆ ನಮಸ್ಕಾರ ತಿಳಿಸಿ ಎಂದಿತ್ತು.

ಭಾನುವಾರದವರೆಗೆ ಕಾದೆ. ಮೂಗಿಗೆ ಅವರ ಟವೆಲ್ ಕಟ್ಟಿಕೊಂಡು ಧೂಳು ತೆಗೆದೆ, ಒಣ ಕೈಯಲ್ಲಿ ಕಾರ್ಡು ಕೂರಿಸಿದೆ. ಎರಡು ಲೋಟ ಚಹಾ ಮಾಡಿದ್ದೆ, ಅಭ್ಯಾಸ. ಸ್ವಿಚ್ ಹಾಕಿದಾಗ ನಕ್ಷೆ ತೆರೆಯಿತು. ರಿಪೇರಿ ಕೋಣೆ ಬಂತು. ಪಡಸಾಲೆ, ಕಿಟಕಿ, ತಡವಾಗಿ ನೆನಪಾದ ದೇವರಮನೆ, ಕಟ್ಟೆ. ಆಮೇಲೆ ಒಂದು ಗೆರೆ, ಎರಡು, ಮೂರು. ನಾಲ್ಕನೆಯದು ಬಂದು ಕೂಡಿಕೊಂಡಿತು.

ಹೇಳುವವರು ಯಾರೂ ಇರಲಿಲ್ಲ. ಖಾಲಿ ಕುರ್ಚಿಯ ಕಡೆ ತಿರುಗಿ ನಾನೇ ಹೇಳಿದೆ.

"ಹತ್ತಿದ್ಲು ನೋಡ್ರಿ ಕಾಕಾ."