ಅಂಗಳಕ್ಕೆ ಗಾಳಿಯಂತ್ರ ಆರಿಸಿದ ಲಗಮವ್ವ

ಹುನಗುಂದದಲ್ಲಿ ಸರಕಾರಿ ಕಚೇರಿಗಳಿಗೇನು ಬರವೇ? ಅವುಗಳಲ್ಲಿ ಇದು ಯಾವುದೆಂದು ಮಾತ್ರ ಕೇಳಬೇಡಿ. ಹೆಂಚಿನ ಮಾಡು, ಮುಂದೊಂದು ಪಡಸಾಲೆ, ಅದರ ಮುಂದೆ ಎರಡು ಚಕ್ಕಡಿ ನಿಂತರೆ ಮೂರನೆಯದಕ್ಕೆ ಎಡೆಯಿಲ್ಲದಷ್ಟು ಅಂಗಳ, ಅಂಗಳದ ನಟ್ಟನಡುವೆ ಒಂದು ಬೇವಿನ ಗಿಡ. ಇಷ್ಟೇ. ಈ ಇಷ್ಟಗಲದ ಅಂಗಳವನ್ನು ಬೀರಪ್ಪನ ಗುಡಿ ಓಣಿಯ ಲಗಮವ್ವ ಹದಿನಾಲ್ಕು ವರ್ಷ ಗುಡಿಸಿದಳು. ಅಷ್ಟು ವರ್ಷಗಳಲ್ಲಿ ಸಾಹೇಬರು ಎಷ್ಟೋ ಮಂದಿ ಬಂದರು, ಹೋದರು. ಅವಳು ಗುಡಿಸುವುದನ್ನು ಕಣ್ಣಾರೆ ಕಂಡವರು ಮಾತ್ರ ಒಬ್ಬರೂ ಇರಲಿಲ್ಲವೆಂದರೂ ನಡೆದೀತು.

ಅದಕ್ಕೆ ಕಾರಣವಿತ್ತು. ಆ ಕಚೇರಿಗೆ ಬರುವವರೆಲ್ಲ ಮನೆದೇವರಿಗೆ ಕೈಮುಗಿದು ಹೊರಟ ಮಂದಿ. ಒಬ್ಬನಿಗೆ ಹೊಲದ ಉತಾರ, ಪಹಣಿ ಬೇಕು, ಇನ್ನೊಬ್ಬನಿಗೆ ಅಣ್ಣತಮ್ಮಂದಿರ ಆಸ್ತಿಪಾಲಿನ ವಾಟಣಿ ಮುಗಿಯಬೇಕು. ಕೆಲಸಕ್ಕೆ ಹೊರಟವರಿಗೆ ಕಸಬರಿಗೆ ಇದಿರಾಗಬಾರದು ಎನ್ನುವುದು ಹಾಲು ಕುಡಿಯುವ ಕೂಸಿಗೂ ಗೊತ್ತಿದ್ದ ಮಾತು. ಹೀಗಾಗಿ ಲಗಮವ್ವ ಕೋಳಿ ಕೂಗಿದ ಮೇಲೆ ಬಂದು, ಇಳಕಲ್ಲಿನ ಮೊದಲ ಬಸ್ಸು ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಎರಡು ತಾಸಿನ ಕೆಲಸ ಮುಗಿಸಿ, ಕಸಬರಿಗೆಯನ್ನು ಹಿತ್ತಲ ಗೋಡೆಯ ಮರೆಗಿಟ್ಟು ಮನೆ ಸೇರುತ್ತಿದ್ದಳು. ಇನ್ನೊಬ್ಬರ ಕೆಲಸ ತನ್ನಿಂದ ಕೆಡಬಾರದು ಎಂಬುದು ಅವಳ ಧರ್ಮ. ಆ ಧರ್ಮ ಅವಳನ್ನು ಕಾಯಲಿಲ್ಲ, ಅದು ಬೇರೆ ಮಾತು.

ಮನೆ ಎಂದರೆ ಅವಳದಲ್ಲ. ಗಂಡ ಮಾಳಪ್ಪ ಇನ್ನೊಬ್ಬಳನ್ನು ಕಟ್ಟಿಕೊಂಡು, ಕುರಿ ಹೊಡೆದುಕೊಂಡು ಬಾದಾಮಿ ಕಡೆ ಹೋದವನು ತಿರುಗಿ ನೋಡಿರಲಿಲ್ಲ. ತಮ್ಮ ಗುರಪ್ಪನ ಪಡಸಾಲೆಯ ಒಂದು ಮೂಲೆ ಅವಳ ಪಾಲಿಗಿತ್ತು. ಗುರಪ್ಪ ಒಳ್ಳೆಯವನೇ. ಅವನ ಹೆಂಡತಿ ಸಿದ್ದವ್ವ ಗಂಗಾಳಕ್ಕೆ ರೊಟ್ಟಿಯನ್ನೂ ಹಾಕುತ್ತಿದ್ದಳು, ಜೊತೆಗೊಂದು ಮಾತನ್ನೂ ಹಾಕುತ್ತಿದ್ದಳು. “ಯಕ್ಕಾ, ಇವತ್ತ ಹಿಟ್ಟು ಕಡಿಮಿ ಐತಿ, ನೋಡಿ ಉಣ್ಣು.” ಆ ಮಾತನ್ನು ರೊಟ್ಟಿಯ ಜೊತೆಗೇ ನುಂಗಬೇಕಾಗಿತ್ತು. ಹದಿನಾಲ್ಕು ವರ್ಷ ನುಂಗಿದ್ದಳು. ಹತ್ತು ವರ್ಷ ದುಡಿದವರನ್ನೆಲ್ಲ ಸರಕಾರ ಕಾಯಂ ಮಾಡುತ್ತದಂತೆ ಎಂಬ ಸುದ್ದಿ ಕಿವಿಗೆ ಬಿದ್ದಂದಿನಿಂದ ಅವಳಿಗೆ ಹಗಲಿರುಳೂ ಅದೇ ಧ್ಯಾನ. ಕಾಯಂ ಆದರೆ ಓಣಿಯ ತುದಿಯಲ್ಲಿ ಒಂದು ಬಾಡಿಗೆಯ ಖೋಲಿ ಹಿಡಿಯಬಹುದು. ತನ್ನ ಒಲೆಯನ್ನು ತಾನೇ ಹೊತ್ತಿಸಿ, ತನಗೆ ಬೇಕಾದಷ್ಟು ರೊಟ್ಟಿ ಬಡಿದುಕೊಂಡು ಉಣ್ಣಬಹುದು. ಅದಕ್ಕಿಂತ ದೊಡ್ಡ ಆಸೆ ಅವಳಿಗೆ ಯಾವುದೂ ಇರಲಿಲ್ಲ.

ಎಂಬತ್ತಮೂರನೇ ಇಸವಿಯ ಮಾಘದಲ್ಲಿ ಮೈಸೂರು ಕಡೆಯಿಂದ ಹೊಸ ಸಾಹೇಬರು ಬಂದರು. ಬೇವಿನ ಎಲೆ ಉದುರುವ ಕಾಲ. ನಸುಕಿನಲ್ಲಿ ಕನ್ನಡಿಯಂತೆ ಮಾಡಿ ಹೋದ ಅಂಗಳ ಮಧ್ಯಾಹ್ನದ ಹೊತ್ತಿಗೆ ಮತ್ತೆ ಹಳದಿ. ಸಾಹೇಬರು ಪಡಸಾಲೆಯಲ್ಲಿ ನಿಂತು ಮೂಗು ಮುರಿದರು.

“ಇಲ್ಲಿ ಕಸ ಗುಡಿಸೋರು ಯಾರೂ ಇಲ್ವೇನ್ರೀ?”

ಹೆಡ್ ಕ್ಲಾರ್ಕ್ ಚಂದಪ್ಪ ಕೈಕಟ್ಟಿ ನಿಂತ. “ಒಬ್ಬಾಕಿ ಅದಾಳ್ರಿ ಸರ. ನಸಿಕಿನ್ಯಾಗ ಬಂದು ಹೋಗ್ತಾಳ್ರಿ.”

“ಹಾಗಾದರೆ ಮಧ್ಯಾಹ್ನವೂ ಬರೋದಕ್ಕೆ ಹೇಳಿ.”

ಬಾ ಅಂದರು, ಬಂದಳು. ಎರಡನೆಯ ದಿನವೇ ಅಮೀನಗಡದ ಒಬ್ಬ ಮುದುಕ, ಹನ್ನೆರಡು ವರ್ಷ ಎಳೆದಾಡಿದ ವಾಟಣಿಯ ಕೊನೆಯ ಕಾಗದಕ್ಕೆ ಸಹಿ ಮಾಡಲು ಬಂದವನು, ಬಾಗಿಲಲ್ಲಿ ಕಸಬರಿಗೆ ಕಂಡು ಬಂದ ದಾರಿ ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದುಬಿಟ್ಟ. ಇನ್ನೊಬ್ಬ ಅವಳ ಹತ್ತು ತಲೆಮಾರು ಜಾಲಾಡಿದ. ವಾರದೊಳಗೆ ನಾಲ್ಕು ಜನ ಸೇರಿ ತಕರಾರು ಅರ್ಜಿ ಬರೆದರು. ಸಾಹೇಬರಿಗೆ ಶಕುನದ ಮೇಲೆ ನಂಬಿಕೆಯಿರಲಿಲ್ಲ, ತಕರಾರು ಅರ್ಜಿಯ ಮೇಲಿತ್ತು. ಮಧ್ಯಾಹ್ನದ ಕೆಲಸ ನಿಂತಿತು.

ಆಗ ಹೊಳೆದದ್ದು ಈ ಯಂತ್ರ. ಪರದೇಶದಲ್ಲಿ ಗಾಳಿ ಊದಿ ಎಲೆ ಸರಿಸುತ್ತಾರೆ, ಕಸಬರಿಗೆ ಮುಟ್ಟುವುದೇ ಇಲ್ಲ, ಎಂದು ಸಾಹೇಬರು ಯಾವುದೋ ಪತ್ರಿಕೆಯಲ್ಲಿ ಚಿತ್ರ ನೋಡಿದ್ದರು. ಚಂದಪ್ಪ ತಲೆಯಾಡಿಸಿದ. ಅರ್ಜಿ ಕೊಟ್ಟವರೂ ತಲೆಯಾಡಿಸಿದರು. ಗಾಳಿ ಇದಿರಾದರೆ ಕೆಲಸ ಕೆಡುತ್ತದೆಂದು ಯಾವ ಶಾಸ್ತ್ರ ಹೇಳಿದೆ? ಸ್ಟ್ಯಾಂಡಿನ ಹತ್ತಿರ ಎಂಜಿನ್ ರಿಪೇರಿ ಮಾಡುವ ಖಾಸಿಂಸಾಬನನ್ನು ಕರೆಸಿ, ಈ ಸೀಮೆಯಲ್ಲಿ ಗಾಳಿ ಊದುವ ಯಂತ್ರ ಏನೇನಿವೆಯೋ ಎಲ್ಲ ತಂದು ತೋರಿಸು, ನೋಡಿ ಆರಿಸುತ್ತೇವೆ, ಅಂದರು. ಅಂಗಳ ಅಂಗೈಯಷ್ಟು, ಸಂಭ್ರಮ ಮಾತ್ರ ಆಣೆಕಟ್ಟು ಕಟ್ಟುವಷ್ಟು.

ಚಂದಪ್ಪ ಲಗಮವ್ವನಿಗೆ ಹೇಳಿಕಳಿಸಿ ಗುಟ್ಟಿನಲ್ಲೆಂಬಂತೆ ಅಂದ, “ನಾಳೆ ಹತ್ತಕ್ಕ ಬಾ. ಮಷೀನ್ ಬಂತಂದ್ರ ಅದನ್ನ ನಡಸಾಕ ಒಬ್ಬರು ಬೇಕಲ್ಲ? ಕಸಬರಗಿಗೆ ಹುದ್ದೆ ಇರೂದಿಲ್ಲ, ಮಷೀನಿಗೆ ಇರತೈತಿ. ನೀ ಕಾಯಂ ಆದಂಗ ತಿಳಕೋ.”

“ಖರೇನ್ರಿ ಚಂದಪ್ಪನವರ?”

“ಮತ್ತ? ಹದಿನಾಕು ವರ್ಷ ಅಂಗಳ ಬಳದಾಕಿನ್ನ ಬಿಟ್ಟು ಬ್ಯಾರೆದವರಿಗೆ ಕೊಡಾಕ ಬರತೈತೇನು?”

ಮರುದಿನ ಲಗಮವ್ವ ತಲೆಗೆ ನೀರು ಹಾಕಿಕೊಂಡು, ಬೀರಪ್ಪನ ಪೂಜೆಗೆಂದು ಮಡಿಸಿಟ್ಟ ಇಳಕಲ್ಲ ಸೀರೆ ಉಟ್ಟು ಹತ್ತು ಗಂಟೆಗೆ ಬಂದಳು. ಸಾಹೇಬರು ಪಡಸಾಲೆಯಲ್ಲಿ ಕುರ್ಚಿ ಹಾಕಿಸಿಕೊಂಡಿದ್ದರು. ಕಚೇರಿಯೆಲ್ಲ ಕೆಲಸ ಬಿಟ್ಟು ಹೊರಗೆ ನಿಂತಿತ್ತು. ಮೂರು ಯಂತ್ರ ಸಾಲಾಗಿದ್ದವು. ಆದರೆ ಅಂಗಳದಲ್ಲಿ ಎಲೆಯೇ ಇರಲಿಲ್ಲ. ಎಂದಿನಂತೆ ನಸುಕಿನಲ್ಲಿ ಬಂದು ಅವಳು ಗುಡಿಸಿ ಹೋಗಿದ್ದಳು. ಎಲ್ಲರೂ ನಕ್ಕರು.

“ಹಿತ್ತಲ ತಿಪ್ಯಾಗಿಂದ ತಂದು ಹರವು” ಅಂದ ಚಂದಪ್ಪ.

ಹದಿನಾಲ್ಕು ವರ್ಷ ಒಳಗಿನದನ್ನು ಹೊರಗೆ ಹೊತ್ತವಳು ಅಂದು ಹೊರಗಿನದನ್ನು ಒಳಗೆ ಹೊತ್ತಳು. ಇಳಕಲ್ಲ ಸೀರೆಯ ಸೆರಗನ್ನು ಸೊಂಟಕ್ಕೆ ಸಿಗಿಸಿ ಮೂರು ಬುಟ್ಟಿ ಎಲೆಯನ್ನು ತನ್ನ ಕೈಯಿಂದಲೇ ಅಂಗಳಕ್ಕೆ ಚೆಲ್ಲಿದಳು. ಅವಳಿಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಕಾಯಂ ಆಗಲಿಕ್ಕೆ ಇಷ್ಟು ಮಾಡಬೇಕಾದರೆ ಮಾಡೋಣ ಎಂದು ಮನಸ್ಸು ಗಟ್ಟಿ ಮಾಡಿಕೊಂಡಳು.

ಮೊದಲನೆಯದು ಕಮ್ಮಾರರ ಒಲೆಗೆ ಗಾಳಿ ಊದುವ, ಕೈಯಿಂದ ತಿರುವುವ ಚಕ್ರ. ಖಾಸಿಂಸಾಬ ಬೆವರಿಳಿಯುವಂತೆ ತಿರುವಿದ. ಎರಡು ಎಲೆ ಹಾರಿದವು, ಮೂರನೆಯದು ಹೊರಳಿ ಮಲಗಿತು. ಎರಡನೆಯದು ಇಳಕಲ್ಲಿನ ಕಲ್ಲು ಪಾಲಿಶ್ ಮಾಡುವಲ್ಲಿ ಪುಡಿ ಊದಲು ಬಳಸುತ್ತಿದ್ದದ್ದು, ಕರೆಂಟಿನದು. ಕಿಟಕಿಯಿಂದ ವಾಯರು ಎಳೆದು ಚಾಲೂ ಮಾಡಿದ ತಕ್ಷಣ ಎಲೆಯೆಲ್ಲ ಮೇಲೆದ್ದು, ಅದೇ ಕಿಟಕಿಯಿಂದ ಕಚೇರಿಯ ಒಳಗೆ ನುಗ್ಗಿ, ಕಡತದ ಮೇಲೂ ಚಹದ ಕಪ್ಪಿನಲ್ಲೂ ಕೂತವು. ಬೈಯುವಷ್ಟರಲ್ಲಿ ಕರೆಂಟೇ ಹೋಯಿತು. ಲಗಮವ್ವ ಒಳಗೆ ಹೋಗಿ ಒಂದೊಂದೇ ಎಲೆ ಆರಿಸಿ ತಂದು ಮತ್ತೆ ಅಂಗಳಕ್ಕೆ ಹರವಿದಳು.

ಮೂರನೆಯದು ಹತ್ತಿಗೆ ಔಷಧ ಹೊಡೆಯುವ ಪೆಟ್ರೋಲಿನ ಯಂತ್ರ, ಬೆನ್ನಿಗೆ ಕಟ್ಟಿಕೊಳ್ಳುವಂಥದು. ಔಷಧ ಹಾಕದೆ ಹೊಡೆದರೆ ಬರೀ ಗಾಳಿ. ಖಾಸಿಂಸಾಬ ಹಗ್ಗ ಎಳೆದು ಚಾಲೂ ಮಾಡಿ ನಳಿಗೆ ಹಿಡಿದ. ಎಲೆ ನಾಲ್ಕು ಮಾರು ಹೋದವು, ತಿರುಗಿದವು, ಬಂದು ಸಾಹೇಬರ ಮುಖಕ್ಕೇ ಬಡಿದವು. ಸಾಹೇಬರು ಸೀನುತ್ತ ಎದ್ದರು. “ಸಾಕು ಸಾಕು, ಯಾವುದೂ ಬೇಡ. ಎಲ್ಲಾ ತಗೊಂಡು ಹೋಗಿ.”

ಲಗಮವ್ವ ಲೆಕ್ಕ ಹಾಕಿದಳು. ಯಂತ್ರ ಹೋದರೆ ಹುದ್ದೆ ಹೋಯಿತು, ಹುದ್ದೆ ಹೋದರೆ ಖೋಲಿ ಹೋಯಿತು. ಸಾಹೇಬರ ಮುಂದೆ ಎಂದೂ ಬಾಯಿಬಿಡದವಳು ಅಂದು ಬಾಯಿಬಿಟ್ಟಳು. ಬಿಡದೆ ಇದ್ದಿದ್ದರೆ!

“ಸಾಹೇಬ್ರ, ಮಷೀನಿನ ತಪ್ಪಲ್ರಿ ಅದು. ಈಗ ಮೂಡಗಾಳಿ ಬೀಸತೈತಿ. ಗಾಳಿಗೆ ಎದುರ ಹೊಡದ್ರ ಎಲಿ ಮಾರಿಗೇ ಬರ್ತಾವ. ಮೂಡಲ ಗ್ವಾಡಿ ಕಡಿಂದ ಸುರು ಮಾಡಿ, ನಳಗಿ ನೆಲಕ್ಕ ಬಗ್ಗಿಸಿ, ಗಿಡದ ಬುಡ ಬಳಸಿ ಆ ಮೂಲಿಗೆ ಒಯ್ಯಬೇಕ್ರಿ.”

“ನೀನೇ ಹೇಳಿಕೊಡಮ್ಮ, ನೋಡೋಣ” ಅಂದರು ಸಾಹೇಬರು.

ಅವಳು ಖಾಸಿಂಸಾಬನ ಮುಂದೆ ಮುಂದೆ ನಡೆದಳು. ಇಲ್ಲಿ ತಗ್ಗಿಸು, ಇಲ್ಲಿ ತಡಿ, ಗಿಡದ ಬೇರಿನ ಸಂದಿಗೆ ಹಿಡಿ, ಎಂದು ಕೈಮಾಡಿ ತೋರಿಸಿದಳು. ಆ ನೆಲದ ಉಬ್ಬುತಗ್ಗು ಅವಳಿಗೆ ಗೊತ್ತಿದ್ದಷ್ಟು ಅದನ್ನು ಕಟ್ಟಿಸಿದವನಿಗೂ ಗೊತ್ತಿರಲಿಲ್ಲ. ಎಲೆಯೆಲ್ಲ ಸಂಜೆ ಕುರಿ ಹಟ್ಟಿಗೆ ಹೋದಂತೆ ಪಡುವಣ ಮೂಲೆಗೆ ಹೋಗಿ ಗುಂಪಾದವು. ಸಾಹೇಬರು ಗಡಿಯಾರ ನೋಡಿದರು. ಹತ್ತು ನಿಮಿಷ. ಮಂದಿ ಚಪ್ಪಾಳೆ ತಟ್ಟಿದರು.

“ಈಗ ಹೇಳಮ್ಮ, ಮೂರರಲ್ಲಿ ಯಾವುದು ತಗೊಳ್ಳೋಣ?”

ಹದಿನಾಲ್ಕು ವರ್ಷದಲ್ಲಿ ಆ ಕಚೇರಿ ಅವಳನ್ನು ಕೇಳಿದ ಮೊದಲ ಮಾತು ಅದು. ಲಗಮವ್ವ ಹಿಗ್ಗಿದಳು. “ಇದ ಇರ್ಲಿರಿ ಸಾಹೇಬ್ರ. ಸಣ್ಣ ಅಂಗಳಕ್ಕ ಇದು ಹೇಳಿ ಮಾಡಿಸಿದಂಗೈತಿ.” ಸಾಹೇಬರು ಅಲ್ಲೇ ಒಂದು ಕಾಗದ ಬರೆಸಿದರು. ಚಂದಪ್ಪ ಅವಳ ಎಡಗೈ ಹೆಬ್ಬೆರಳಿಗೆ ಶಾಯಿ ಹಚ್ಚಿ ಒತ್ತಿಸಿಕೊಂಡ. ಏನು ಬರೆದಿದೆ ಎಂದು ಅವಳು ಕೇಳಲಿಲ್ಲ, ಯಾರೂ ಓದಿ ಹೇಳಲಿಲ್ಲ. ತನ್ನ ಹುದ್ದೆಯ ಕಾಗದವೇ ಇರಬೇಕು ಎಂದುಕೊಂಡು, ಓಣಿಯ ತುದಿಯ ಖೋಲಿಯ ಮುಂದೆ ಹಾಯ್ದು, ಅದಕ್ಕೆ ಇನ್ನೂ ಬೀಗವೇ ಇದೆ, ಯಾರೂ ಬಾಡಿಗೆಗೆ ಬಂದಿಲ್ಲ ಎಂದು ಖುಷಿಪಟ್ಟು ಮನೆಗೆ ಹೋದಳು.

ಯಂತ್ರ ಬಂತು. ಕುಂಕುಮ ಹಚ್ಚಿ ಕಾಯಿ ಒಡೆದರು. ಪಟ್ಟಿ ಬಿಗಿದು ಬೆನ್ನಿಗೇರಿಸಿಕೊಂಡವನು ಕಚೇರಿಯ ಸಿಪಾಯಿ ಅಮಾತೆಪ್ಪ, ಚಂದಪ್ಪನ ಸೋದರಳಿಯ. ಲಗಮವ್ವ ಒಂದು ಮಗ್ಗುಲಿಗೆ ನಿಂತಿದ್ದಳು.

“ಚಂದಪ್ಪನವರ, ಇದನ್ನ ನಾ ನಡಸೂದು ಅಂದಿದ್ರೆಲ್ರಿ?”

“ಸೀರಿ ಸೆರಗು ಎಂಜಿನ್ನಿಗೆ ಸಿಕ್ರ ಯಾರ ಜವಾಬ್ದಾರಿ?”

“ಕಚ್ಚಿ ಹಾಕಿ ಉಡತೇನ್ರಿ. ಹೊಲದಾಗ ಹಂಗ ಉಟ್ಟು ದುಡದಾಕಿ ನಾ.”

“ನೋಡು ಲಗಮವ್ವಾ, ಒಂದನೇ ತಾರೀಖಿನಿಂದ ನೀ ಬರೂದು ಬ್ಯಾಡ. ಹತ್ತ ಮಿನೀಟಿನ ಕೆಲಸ ಅಂತ ನೀನ ತೋರಿಸಿದಿ. ಹತ್ತ ಮಿನೀಟಿಗೆ ಒಂದ ಆಳು ಯಾರ ಇಟಗೊಂತಾರ?”

ಅವಳು ಕೂಗಾಡಲಿಲ್ಲ. ಬಡವರ ಸಿಟ್ಟು ದವಡೆಗೆ ಮೂಲ ಎಂಬ ಗಾದೆಯನ್ನು ಹೊಟ್ಟೆ ತುಂಬಿದವರೇ ಕಟ್ಟಿರಬೇಕು. ಆದರೂ ಅವಳು ದವಡೆ ಕಚ್ಚಿಕೊಂಡೇ ಮನೆಗೆ ಬಂದಳು. ಸಿದ್ದವ್ವ ಒಲೆಯ ಮುಂದೆ ಕೂತು ಕೇಳಿಸಿಕೊಂಡು, ರೊಟ್ಟಿ ತಿರುವಿ ಹಾಕುತ್ತ ಅಂದಳು, “ಮಂದಿ ಸೀರಿ ಆರಿಸಿ ತರತಾರ, ಬಳಿ ಆರಿಸಿ ತರತಾರ. ನಮ್ಮ ಯಕ್ಕ ಇದ್ದ ಕೆಲಸ ಕೊಟ್ಟು ಮಷೀನ್ ಆರಿಸಿ ಬಂದ್ಲು.” ಅಂದು ಲಗಮವ್ವ ಉಣ್ಣಲಿಲ್ಲ.

ಯಂತ್ರ ಒಂದು ತಿಂಗಳು ಕಚೇರಿಯಲ್ಲಿತ್ತು. ಆಮೇಲೆ ಪೆಟ್ರೋಲು ಎಲ್ಲಿಂದ ತರಬೇಕೆಂಬ ಪ್ರಶ್ನೆ ಎದ್ದು, ಉತ್ತರ ಸಿಗುವಷ್ಟರಲ್ಲಿ ಸಾಹೇಬರಿಗೆ ವರ್ಗವಾಯಿತು. ಮಳೆಗಾಲಕ್ಕೆ ಅದು ಅಮಾತೆಪ್ಪನ ಅಪ್ಪನ ಹೊಲದಲ್ಲಿ ಹತ್ತಿಗೆ ಔಷಧ ಹೊಡೆಯುತ್ತಿತ್ತು. ಪಾಪ, ಅದು ತಾನು ಹುಟ್ಟಿದ ಕೆಲಸವನ್ನೇ ಮಾಡಿಕೊಂಡಿತ್ತು. ಅಂಗಳದಲ್ಲಿ ಹಿಮ್ಮಡ ಮುಚ್ಚುವಷ್ಟು ಎಲೆ. ಕೆಲಸಕ್ಕೆ ಬಂದವರು ತುಳಿದುಕೊಂಡೇ ಒಳಗೆ ಹೋಗುತ್ತಿದ್ದರು. ಲಗಮವ್ವ ಕಂಡವರ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಸ್ಟ್ಯಾಂಡಿಗೆ ಹೋಗಬೇಕಾದರೂ ಆ ಕಚೇರಿಯ ಬೀದಿ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದಳು.

ಎರಡು ವರ್ಷದ ಮೇಲೆ ಕಾಯಂ ಸುದ್ದಿ ನಿಜವಾಯಿತು. ಬಾಗಲಕೋಟೆಯ ದೊಡ್ಡ ಕಚೇರಿಯೊಂದರಲ್ಲಿ ಹೆಸರು ಬರೆದುಕೊಳ್ಳುತ್ತಾರೆಂದು, ಮೊದಲು ದುಡಿದು ಬಿಟ್ಟವರನ್ನೂ ನೋಡುತ್ತಾರೆಂದು ತಿಳಿದು ಗುರಪ್ಪ ಅಕ್ಕನನ್ನು ಬಸ್ಸಿಗೆ ಹತ್ತಿಸಿಕೊಂಡು ಹೋದ. ಅಲ್ಲಿನ ಕಾರಕೂನ ಕೆಟ್ಟವನೇನಲ್ಲ.

“ಹಾಜರಿ ಪುಸ್ತಕದಾಗ ಹೆಸರ ಐತೇನವಾ?”

“ಕಚೇರಿ ಬಾಗಲಾ ತೆಗಿಯೂದ್ರಾಗ ನಾ ಮನಿಗೆ ಹೋಗಿರತಿದ್ದೆರಿ. ಪಗಾರ ಸೈತ ಸಹಿ ಇಲ್ದ ಕೈಯಾಗ ಕೊಡತಿದ್ರು.”

“ನೀ ಗುಡಸೂದು ಕಂಡವರು ಯಾರರ ಸಾಕ್ಷಿ ಹೇಳತಾರೇನು?”

ಲಗಮವ್ವ ನೆನಪು ಮಾಡಿಕೊಂಡಳು. ಆ ಅಮೀನಗಡದ ಮುದುಕ ಕಂಡಿದ್ದ, ಬೈದವನು ಕಂಡಿದ್ದ. ಅವರ ಹೆಸರು ಅವಳಿಗೆ ಗೊತ್ತಿರಲಿಲ್ಲ.

ಕಾರಕೂನ ಹುನಗುಂದಕ್ಕೆ ಪತ್ರ ಬರೆದು ಕೇಳಿದ. ಎರಡು ತಿಂಗಳಿಗೆ ಉತ್ತರ ಬಂತು. ಇಡೀ ಕಚೇರಿ ಜಾಲಾಡಿದರೂ ಲಗಮವ್ವನ ಹೆಸರಿರುವ ಒಂದೇ ಒಂದು ಕಾಗದ ಸಿಕ್ಕಿತ್ತು. ಅವಳನ್ನು ಮತ್ತೆ ಕರೆಸಿದರು.

“ಹೆಸರ ಐತಿ ಯವ್ವಾ” ಎಂದು ಕಾರಕೂನ ಓದಿದ. “ಲಗಮವ್ವ ಎಂಬವಳು ಹದಿನಾಲ್ಕು ವರ್ಷಗಳಿಂದ ಒಂದು ದಿನವೂ ತಪ್ಪದೆ ಈ ಕಚೇರಿಯ ಅಂಗಳವನ್ನು ಗುಡಿಸುತ್ತ ಬಂದಿರುತ್ತಾಳೆ.”

ಲಗಮವ್ವನ ಕಣ್ಣು ತುಂಬಿ ಬಂದವು. ಗುರಪ್ಪ ಕೈಮುಗಿದ.

“ತಡಿರಿ, ಮುಂದ ಐತಿ. ‘ಎರಡು ತಾಸಿನ ಸದರಿ ಕೆಲಸ ಯಂತ್ರದಿಂದ ಹತ್ತು ನಿಮಿಷದಲ್ಲಿ ಮುಗಿಯುವುದೆಂದು ತಾನೇ ಮುಂದೆ ನಿಂತು ತೋರಿಸಿ, ಇನ್ನು ಗುಡಿಸುವವರ ಅಗತ್ಯವಿಲ್ಲವೆಂದು ಒಪ್ಪಿ, ಯಂತ್ರವನ್ನು ಆರಿಸಿ ಹೆಬ್ಬೆಟ್ಟು ಒತ್ತಿರುತ್ತಾಳೆ.’ ಕೆಲಸ ಬ್ಯಾಡ ಅಂತ ನೀನ ಹೆಬ್ಬಟ್ಟ ಒತ್ತಿ ಕೊಟ್ಟ ಮ್ಯಾಲ ಸರಕಾರ ಏನ ಮಾಡತೈತಿ ಹೇಳು.”

“ಆ ಮಷೀನ್ ಹತ್ತಿ ಹೊಲದಾಗ ಐತ್ರಿ ಸಾಹೇಬ್ರ. ಅಂಗಳದಾಗ ಎಲಿ ಹಂಗ ಬಿದ್ದಾವ್ರಿ.”

“ಇರಬಹುದು. ಅದು ಕಾಗದದಾಗ ಇಲ್ಲ.”

ಲಗಮವ್ವ ಮೇಜಿನ ಅಂಚು ಹಿಡಿದು ಆ ಕಾಗದವನ್ನೇ ನೋಡಿದಳು. ಯಾವ ಸಾಲು ಎಲ್ಲಿದೆಯೋ ಅವಳಿಗೆ ತಿಳಿಯದು. ಆದರೂ ಬೆರಳಿಟ್ಟು ಕೇಳಿದಳು.

“ಮೊದಲ ಓದಿದ್ರೆಲ್ರಿ, ಅಷ್ಟ ಇಟಗೊಂಡು ಉಳದದ್ದು ಹರದು ಒಗಿರಿ. ಅದಷ್ಟ ಖರೆ ಐತ್ರಿ.”

ಕಾರಕೂನನಿಗೆ ನಗು ಬಂತು. “ಸರಕಾರದ ಕಾಗದ ಹರಿಯಾಕ ಬರೂದಿಲ್ಲವಾ” ಎಂದು ಕಡತಕ್ಕೆ ದಾರ ಸುತ್ತಿ ಗಂಟು ಹಾಕಿ, ಅವಳ ಹಿಂದೆ ನಿಂತವನನ್ನು ಮುಂದೆ ಕರೆದ.