ಮೂರೇ ಸಲ ಕೇಳ್ರಿ

ವಾಡಿಯಲ್ಲಿ ನಮ್ಮ ಮನೆಯ ಮೇಲಿನ ಖೋಲಿಯಲ್ಲಿ ಬಾಡಿಗೆಗಿದ್ದವರು ಕಂಪ್ಯೂಟರಿನ ಡಿಸ್ಕಿಗೆ ಕೆಲಸ ಹೇಳುವ ಡ್ರೈವರ್ ಎಂಬ ಪ್ರೋಗ್ರಾಮನ್ನು ರಿಪೇರಿ ಮಾಡುತ್ತಿದ್ದರು. ಡಿಸ್ಕು ಆಗುವುದಿಲ್ಲ ಎಂದರೂ ಆ ಡ್ರೈವರ್ ಅದೇ ಕೆಲಸವನ್ನು ಮತ್ತೆ ಮತ್ತೆ ಹೇಳಿ, ಇಡೀ ಕಂಪ್ಯೂಟರೇ ನಿಂತುಬಿಡುತ್ತಿತ್ತಂತೆ.

"ಮೂರು ಸಲ ಕೇಳಬೇಕ್ರಿ, ಆಮ್ಯಾಲ ಸುಮ್ಮನಾಗಬೇಕ್ರಿ" ಎಂದು ಮೂರು ಬೆರಳು ಎತ್ತುವುದು ಅವರ ಅಭ್ಯಾಸ. ಸೊಪ್ಪು ಮಾರುವವಳಿಗೂ ಅದೇ ಮಾತು, ಬಾಗಿಲಿಗೆ ಬಂದ ಬೆಕ್ಕಿಗೂ ಅದೇ ಮಾತು.

ಡ್ರೈವರ್ ಸರಿಹೋದ ದಿನ ಅವ್ವ ಅವರನ್ನು ಊಟಕ್ಕೆ ಕರೆದಳು. ನಮ್ಮಲ್ಲಿ ಬಡಿಸುವವರು ಕೇಳುತ್ತಲೇ ಇರಬೇಕು, ಉಣ್ಣುವವರು ಬೇಡವೆನ್ನುತ್ತಲೇ ಇರಬೇಕು.

"ಇನ್ನೊಂದು ಹೋಳಿಗಿ ಹಾಕ್ಲೇನು ತಮ್ಮಾ?"

"ಬ್ಯಾಡ್ರಿ ಕಾಕು."

"ಅರ್ಧರೆ ತಗೋ."

"ಒಟ್ಟ ಬ್ಯಾಡ್ರಿ." ತಾಟಿಗೆ ಅಂಗೈ ಅಡ್ಡ ಹಿಡಿದರು.

"ತುಪ್ಪ ಭಾಳ ಹಾಕೀನಿ, ನೋಡು."

"ಬ್ಯಾಡಂದ್ರ ಬ್ಯಾಡ್ರಿ!"

ಅವ್ವ ಅವರಂತೆಯೇ ಮೂರು ಬೆರಳು ಎತ್ತಿ ತೋರಿಸಿ, ಹೋಳಿಗೆ ಬುಟ್ಟಿ ಮುಚ್ಚಿಕೊಂಡು ಒಳಗೆ ಹೊರಟಳು.

ಅವರು ಗಾಬರಿಯಾದರು. ತಾಟಿನ ಮೇಲಿನ ಅಂಗೈ ತಾನಾಗಿಯೇ ಸರಿಯಿತು.

"ಕಾಕೂ, ಅದು ಡಿಸ್ಕಿಗಷ್ಟೇ ರೀ! ನನಗ ಇನ್ನೊಮ್ಮೆ ಕೇಳ್ರಿ."